ಹಳೆಯ ಬೀಟಲ್‌ನಲ್ಲಿ ದೂರದ ಪಯಣ: ಗೆಳೆಯರು ಸೇರಿ ಕಾರನ್ನು ಅಣಿಮಾಡುವ ಬಗೆ

ಫೋಕ್ಸ್‌ವ್ಯಾಗನ್ ಬೀಟಲ್‌ಗೆ ರೇಡಿಯೇಟರ್ ಇಲ್ಲ. ಎಂಜಿನ್ನಿನ ಬಿಸಿ ಇಳಿಸಲು ಅದಕ್ಕಿರುವುದು ಫ್ಯಾನ್ ತಳ್ಳುವ ಗಾಳಿ ಮತ್ತು ಚೇಂಬರಿನಲ್ಲಿ (ಕ್ರ್ಯಾಂಕ್ ಕೂತಿರುವ ಎಂಜಿನ್ನಿನ ಮುಖ್ಯ ಕವಚ) ಇರುವ ಎರಡೂವರೆ ಲೀಟರ್ ಆಯಿಲ್, ಅಷ್ಟೆ. ನೀರು ತುಂಬುವ ಕಾರುಗಳಲ್ಲಿ ಎಂಜಿನ್ ಕಾದರೆ ಮೀಟರಿನ ಮುಳ್ಳು ಏರಿ ಎಚ್ಚರಿಸುತ್ತದೆ. ಇಲ್ಲಿ ಆ ಮುಳ್ಳೂ ಇಲ್ಲ. ಹಾಗಾಗಿ ದೂರ ಹೊರಡುವ ಮೊದಲು ನೋಡಬೇಕಾದದ್ದು ಗಾಳಿಯ ದಾರಿ, ಆಯಿಲ್, ವಾಲ್ವುಗಳ ಸಂದು. ಬಣ್ಣ, ಕ್ರೋಮ್, ಸೀಟ್ ಕವರ್ ಎಲ್ಲ ಆಮೇಲೆ.

ಇಲ್ಲಿ ಕೊಟ್ಟಿರುವ ಅಳತೆಗಳು 1300, 1500 ಮತ್ತು 1600 ಸಿಸಿಯ, 12 ವೋಲ್ಟಿನ ಬೀಟಲ್‌ಗಳಿಗೆ ಹೊಂದುತ್ತವೆ. ಅದಕ್ಕಿಂತ ಹಳೆಯ 6 ವೋಲ್ಟಿನ ಕಾರಾದರೆ ಆ ವರ್ಷದ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ, ಮುಖ್ಯವಾಗಿ ವಾಲ್ವ್ ಮತ್ತು ಟೈಮಿಂಗ್‌ಗೆ. 1938ರಿಂದ 2003ರವರೆಗೆ ಎರಡು ಕೋಟಿಗೂ ಹೆಚ್ಚು ಬೀಟಲ್‌ಗಳು ತಯಾರಾಗಿವೆ. ಇಷ್ಟು ದೀರ್ಘ ಕಾಲದಲ್ಲಿ ಒಬ್ಬರ ಎಂಜಿನ್ ಇನ್ನೊಬ್ಬರ ಬಾಡಿಗೆ ಹೋಗಿರುವುದು ಸಾಮಾನ್ಯ. ಕಾರಿನ ವರ್ಷ ನೋಡಿ ಎಂಜಿನ್ನಿನ ಅಳತೆ ತೀರ್ಮಾನಿಸಬೇಡಿ. ಚೇಂಬರಿನ ಮೇಲೆ, ಡೈನಮೋ ಸ್ಟ್ಯಾಂಡಿನ ಬುಡದಲ್ಲಿ ಕೊರೆದಿರುವ ಎಂಜಿನ್ ನಂಬರನ್ನೇ ನೋಡಿ.

ಕೆಲಸ ಹಂಚಿಕೊಳ್ಳುವಾಗ

ಮೂರು ನಾಲ್ಕು ಜನ ಸೇರಿದಾಗ ಕೆಲಸ ಬೇಗ ಆಗುತ್ತದೆ, ತಪ್ಪೂ ಹೆಚ್ಚುತ್ತದೆ. ಒಬ್ಬ ಸಡಿಲ ಮಾಡಿದ ನಟ್ಟನ್ನು ಇನ್ನೊಬ್ಬ ಬಿಗಿ ಮಾಡಿರುತ್ತಾನೆ ಎಂದುಕೊಳ್ಳುವುದೇ ಇದರಲ್ಲಿ ದೊಡ್ಡ ಅಪಾಯ. ಆದ್ದರಿಂದ ಬಿಚ್ಚಿದವನೇ ಬಿಗಿ ಮಾಡಬೇಕು. ಕೆಲಸದ ನಡುವೆ ಎದ್ದು ಹೋಗುವುದಾದರೆ ಆ ಜಾಗಕ್ಕೆ ಕೆಂಪು ಬಟ್ಟೆ ಕಟ್ಟಿ ಹೋಗಬೇಕು. ಪೂರ್ತಿ ಬಿಗಿ ಮಾಡಿದ ನಟ್ಟಿನಿಂದ ಪಕ್ಕದ ಲೋಹದವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ; ದಾರಿಯಲ್ಲಿ ಅದು ಸಡಿಲವಾದರೆ ಗೆರೆ ಮುರಿದಿರುವುದು ಕಣ್ಣಿಗೇ ಕಾಣುತ್ತದೆ. ಒಬ್ಬರ ಕೈಯಲ್ಲಿ ನೋಟ್‌ಬುಕ್ ಇರಲಿ. ತಾರೀಖು, ಕಿ.ಮೀ., ಏನು ಮಾಡಿದಿರಿ, ಯಾವ ಸಿಲಿಂಡರಿನ ಯಾವ ವಾಲ್ವ್ ಎಷ್ಟಿತ್ತು, ಎಷ್ಟಕ್ಕೆ ಇಟ್ಟಿರಿ ಎಲ್ಲ ಅದರಲ್ಲಿ ದಾಖಲಾಗಬೇಕು. ಇದರ ಬೆಲೆ ಮುಂದೆ ತಿಳಿಯುತ್ತದೆ.

ಕಾರಿನಡಿ ಹೋಗುವಾಗ ಬರೀ ಜಾಕ್ ಸಾಲದು, ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಬಾಡಿಯ ಪಕ್ಕದಲ್ಲಿರುವ ಮೂಲ ಜಾಕ್ ತೂತುಗಳು ಎಷ್ಟೋ ಕಾರುಗಳಲ್ಲಿ ಒಳಗಿಂದಲೇ ತುಕ್ಕು ಹಿಡಿದಿರುತ್ತವೆ. ಮುಂದೆ ಆಕ್ಸೆಲ್ ಬೀಮಿಗೆ, ಹಿಂದೆ ಟಾರ್ಶನ್ ಟ್ಯೂಬಿನ (ಹಿಂದಿನ ಸಸ್ಪೆನ್ಷನ್ನಿನ ಅಡ್ಡ ಕೊಳವೆ) ತುದಿಗೆ ಭಾರ ಕೊಡಿ. ಎಂಜಿನ್ ಚೇಂಬರಿಗೆ ಜಾಕ್ ಕೊಡಬೇಡಿ, ಅದು ಮೆಗ್ನೀಷಿಯಂ ಮಿಶ್ರಲೋಹ. ಬಿರುಕು ಬಿಟ್ಟರೆ ಎಂಜಿನ್ನೇ ಹೋದಂತೆ.

ಉಳಿದ ಕೆಲಸಕ್ಕೆ ಕೈ ಹಾಕುವ ಮೊದಲು ಈ ಎಂಜಿನ್ ದೂರ ಹೋಗಲು ಯೋಗ್ಯವೇ ಎಂದು ಅರ್ಧ ನಿಮಿಷದಲ್ಲಿ ಪರೀಕ್ಷಿಸಬಹುದು. ಎಂಜಿನ್ ಆಫ್ ಇರುವಾಗ ಕೆಳಗಿನ ಕ್ರ್ಯಾಂಕ್ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮತ್ತ ಎಳೆದು ತಳ್ಳಿ. ಆಟ 0.07ರಿಂದ 0.13 ಮಿ.ಮೀ. ಇರಬೇಕು, ಅಂದರೆ ಕೈಗೆ ತಿಳಿದೂ ತಿಳಿಯದಷ್ಟು. ಟಕ್ ಟಕ್ ಎಂದು ಸ್ಪಷ್ಟವಾಗಿ ಬಡಿದರೆ ಡಯಲ್ ಗೇಜ್ ಇಟ್ಟು ಅಳೆಯಿರಿ. 0.15 ಮೀರಿದ್ದರೆ ಮೊದಲು ಎಂಜಿನ್ ಇಳಿಸುವ ಕೆಲಸ. ಪಯಣದ ಮಾತು ಆಮೇಲೆ.

ಪೆಟ್ರೋಲ್ ಹೋಸ್: ಎಲ್ಲಕ್ಕಿಂತ ಮೊದಲು

ಹಳೆಯ ಬೀಟಲ್‌ಗಳು ಸುಟ್ಟು ಹೋಗುವುದಕ್ಕೆ ಹೆಚ್ಚಾಗಿ ಒಂದೆರಡು ಅಡಿ ರಬ್ಬರ್ ಹೋಸೇ ಕಾರಣ. ಟ್ಯಾಂಕ್ ಮುಂದೆ, ಎಂಜಿನ್ ಹಿಂದೆ. ನಡುವೆ ಟನಲ್‌ನೊಳಗೆ ಲೋಹದ ಪೈಪ್, ಎರಡೂ ತುದಿಗೆ ರಬ್ಬರ್. ಹಳೆಯ ಬಟ್ಟೆ ಹೊದಿಕೆಯ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಇನ್ನೂ ಬೇಗ. ಬಗ್ಗಿಸಿ ನೋಡಿ ಸರಿಯಿದೆ ಅನ್ನುವ ತೀರ್ಪು ಇಲ್ಲಿ ನಡೆಯದು. ಯಾವಾಗ ಹಾಕಿದ್ದೆಂದು ಗೊತ್ತಿಲ್ಲದ ಹೋಸನ್ನೆಲ್ಲ ಕಿತ್ತು, ಎಥನಾಲ್ ತಡೆಯುವ ಹೊಸ ಹೋಸ್ ಹಾಕಿ, ಪ್ರತಿ ತುದಿಗೂ ಕ್ಲಿಪ್ ಬಿಗಿಯಿರಿ. ಮುಂದಿನ ಟ್ಯಾಂಕಿನಡಿಯ ತುಂಡು, ಗೇರ್‌ಬಾಕ್ಸ್ ಪಕ್ಕದ ತುಂಡು, ಎಂಜಿನ್ ತಗಡು ದಾಟಿ ಪಂಪಿಗೆ ಬರುವ ತುಂಡು, ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ತುಂಡು, ಇಷ್ಟನ್ನೂ ಎಣಿಸಿ ಬದಲಿಸಿ. ಎರಡು ವರ್ಷಕ್ಕೊಮ್ಮೆ ಮತ್ತೆ ಇದೇ ಕೆಲಸ.

ಪೆಟ್ರೋಲ್ ಪೈಪ್ ತಗಡಿನ ತೂತಿನಿಂದ ಹೊರಬರುವಲ್ಲಿ ರಬ್ಬರ್ ಗ್ರೊಮೆಟ್ ಇದೆಯೇ ನೋಡಿ. ಅದಿಲ್ಲದಿದ್ದರೆ ಎಂಜಿನ್ನಿನ ನಡುಕಕ್ಕೆ ತಗಡಿನ ಅಂಚು ಗರಗಸದಂತೆ ಕೆಲಸ ಮಾಡುತ್ತದೆ. ಕಾರ್ಬೊರೇಟರಿನ ಮೇಲ್ಭಾಗದಲ್ಲಿ ಪೆಟ್ರೋಲ್ ಒಳಬರುವ ಹಿತ್ತಾಳೆ ನಳಿಕೆಯನ್ನು ಹಿಡಿದು ತಿರುಚಿ. ಅದು ಬರೀ ಒತ್ತಿ ಕೂರಿಸಿದ್ದು, ಥ್ರೆಡ್ ಇಲ್ಲ. ಸ್ವಲ್ಪ ಅಲುಗಿದರೂ ಒಂದು ದಿನ ಹೋಸ್ ಸಮೇತ ಕಳಚಿ ಬೀಳುತ್ತದೆ, ಕೆಳಗೇ ಪ್ಲಗ್‌ಗಳಿಗೆ ಕಿಡಿ ಹಂಚುವ ಡೆಲ್ಕೊ (ಡಿಸ್ಟ್ರಿಬ್ಯೂಟರ್) ಇರುತ್ತದೆ. ತೂತಿಗೆ ಥ್ರೆಡ್ ಕೊರೆಸಿ ತಿರುಪಿನ ನಳಿಕೆ ಹಾಕಿಸುವುದೇ ಪರಿಹಾರ. ಅಂಟು ಮೆತ್ತಿದರೆ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಪೆಟ್ರೋಲ್ ಫಿಲ್ಟರನ್ನು ಎಂಜಿನ್ ಕೋಣೆಯಲ್ಲಿ, ಪಂಪ್ ಮತ್ತು ಕಾರ್ಬೊರೇಟರಿನ ನಡುವೆ ತೂಗುಬಿಡುವ ರೂಢಿಯಿದೆ. ಅದರ ಭಾರವೇ ಆ ನಳಿಕೆಯನ್ನು ಎಳೆಯುತ್ತದೆ. ಫಿಲ್ಟರ್ ಬೇಕಿದ್ದರೆ ಟ್ಯಾಂಕಿನಡಿ ಅಥವಾ ಗೇರ್‌ಬಾಕ್ಸ್ ಪಕ್ಕದಲ್ಲಿ ಹಾಕಿ.

2 ಕೆ.ಜಿ.ಯ ಡ್ರೈ ಪೌಡರ್ ಅಗ್ನಿಶಾಮಕ ಮುಂದಿನ ಸೀಟಿನಿಂದ ಕೈಗೆ ಸಿಗುವಂತಿರಬೇಕು. ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ. ಬೆಂಕಿ ಕಂಡರೆ ಎಂಜಿನ್ ಮುಚ್ಚಳವನ್ನು ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಭಗ್ಗನೆ ಹೊತ್ತುತ್ತದೆ. ಸಣ್ಣ ಸಂದು ಮಾಡಿ ಅದರೊಳಗೆ ಪೌಡರ್ ಹೊಡೆಯಿರಿ. ಚೇಂಬರಿನ ಮೆಗ್ನೀಷಿಯಂ ಹೊತ್ತಿಕೊಂಡ ಮೇಲೆ ನೀರು ಹಾಕಿದರೆ ಉರಿ ಇನ್ನೂ ಹೆಚ್ಚುತ್ತದೆ. ಆ ಹಂತಕ್ಕೆ ಹೋದರೆ ಎಲ್ಲರೂ ದೂರ ಸರಿಯಿರಿ.

ಬೆಂಕಿಯ ಇನ್ನೊಂದು ಮೂಲ ಹಿಂದಿನ ಸೀಟಿನಡಿ ಅಡಗಿದೆ. ಬ್ಯಾಟರಿ ಇರುವುದು ಅಲ್ಲೇ. ಇಬ್ಬರು ಹಿಂದೆ ಕೂತು ಗುಂಡಿಯಲ್ಲಿ ಕಾರು ಕುಪ್ಪಳಿಸಿದರೆ ಸೀಟಿನ ಸ್ಪ್ರಿಂಗ್ ಬ್ಯಾಟರಿ ಟರ್ಮಿನಲ್‌ಗೆ ತಾಗಿ ಕಿಡಿ ಹಾರುತ್ತದೆ, ಮೇಲೆ ಒಣಗಿದ ನಾರಿನ ಹಾಸು. ಬ್ಯಾಟರಿಗೆ ಮುಚ್ಚಳ ಇರಲೇಬೇಕು, ಅದನ್ನು ಬಿಗಿದಿಡುವ ಕ್ಲಾಂಪ್ ಕೂಡ. ಎತ್ತರದ ಬ್ಯಾಟರಿ ಕೊಳ್ಳಬೇಡಿ.

ಗಾಳಿಯ ದಾರಿ

ಎಂಜಿನ್ ಸುತ್ತಲಿನ ಕಪ್ಪು ತಗಡುಗಳು ಅಲಂಕಾರಕ್ಕಲ್ಲ. ಮೇಲಿನ ಕೋಣೆಯ ತಣ್ಣನೆ ಗಾಳಿಯನ್ನು ಫ್ಯಾನ್ ಹೀರಿ ಸಿಲಿಂಡರುಗಳ ಮೇಲೆ ಹಾಯಿಸಿ ಕೆಳಗೆ ಬಿಡುತ್ತದೆ. ಕೆಳಗಿನ ಬಿಸಿಗಾಳಿ ಮತ್ತೆ ಮೇಲೆ ಬರದಂತೆ ತಡೆಯುವುದು ಆ ತಗಡು ಮತ್ತು ಅದರ ಸುತ್ತಲಿನ ರಬ್ಬರ್. ಒಂದು ತಗಡು ಇಲ್ಲದಿದ್ದರೆ, ರಬ್ಬರ್ ಹರಿದಿದ್ದರೆ, ಪ್ಲಗ್ ವೈರಿನ ತುದಿಯ ರಬ್ಬರ್ ಬಿಲ್ಲೆ ಕೂತಿಲ್ಲದಿದ್ದರೆ ಎಂಜಿನ್ ತನ್ನದೇ ಬಿಸಿಯನ್ನು ಉಸಿರಾಡುತ್ತದೆ. ಎಂಜಿನ್ ಕೋಣೆಯೊಳಗೆ ಟಾರ್ಚ್ ಉರಿಸಿ ಒಬ್ಬರು ಹಿಡಿಯಿರಿ, ಇನ್ನೊಬ್ಬರು ಕತ್ತಲಲ್ಲಿ ಕೆಳಗಿನಿಂದ ನೋಡಿ. ಬೆಳಕು ಇಳಿದು ಬಂದ ಕಡೆಯೆಲ್ಲ ಮುಚ್ಚಬೇಕು.

ಫ್ಯಾನ್ ಹೌಸಿಂಗ್‌ನೊಳಗೆ ಒಣ ಎಲೆ, ಇಲಿಗೂಡು, ಯಾರೋ ಮರೆತ ಬಟ್ಟೆ ಸಿಗುವುದುಂಟು. ವರ್ಷಗಟ್ಟಲೆ ನಿಂತಿದ್ದ ಕಾರಾದರೆ ಹೌಸಿಂಗ್ ಎತ್ತಿ, ಒಳಗಿನ ಆಯಿಲ್ ಕೂಲರ್ ಮತ್ತು ಸಿಲಿಂಡರಿನ ರೆಕ್ಕೆಗಳನ್ನು ಬ್ರಷ್ಷಿನಿಂದ ತೊಳೆಯುವುದು ಒಂದು ದಿನದ ಕೆಲಸ, ಆದರೆ ಮಾಡಲೇಬೇಕಾದ ಕೆಲಸ. ಆಯಿಲ್ ಜಿನುಗಿದ ಜಾಗಕ್ಕೆ ಧೂಳು ಮೆತ್ತಿ ರೆಕ್ಕೆಗಳ ನಡುವೆ ಗಟ್ಟಿಯಾಗಿರುತ್ತದೆ. 1971ರ ಮಾದರಿಗಿಂತ ಹಿಂದಿನ ಎಂಜಿನ್ನುಗಳಲ್ಲಿ ಆಯಿಲ್ ಕೂಲರ್ ಮೂರನೇ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡ ನಿಂತಿರುತ್ತದೆ. ಆ ಸಿಲಿಂಡರಿಗೆ ತಲುಪುವ ಗಾಳಿ ಕಡಿಮೆ, ತಲುಪುವುದೂ ಬಿಸಿಯಾದದ್ದು. ಮೂರನೆಯದರ ಎಕ್ಸಾಸ್ಟ್ ವಾಲ್ವ್ ಮೊದಲು ಸಾಯುವುದು ಇದಕ್ಕೇ.

ಬಲಬದಿಯ ಸಿಲಿಂಡರುಗಳ ಕೆಳಗಿನ ಥರ್ಮೋಸ್ಟಾಟ್ ತೆಗೆದೆಸೆದವರು ಬಹಳ. ಅದು ಸುಮಾರು 65ರಿಂದ 70 ಡಿಗ್ರಿಯಲ್ಲಿ ಹಿಗ್ಗಿ ಹೌಸಿಂಗ್‌ನೊಳಗಿನ ರೆಕ್ಕೆಬಾಗಿಲುಗಳನ್ನು ತೆರೆಯುತ್ತದೆ. ಒಡೆದರೂ ಬಾಗಿಲು ತೆರೆದೇ ಉಳಿಯುವಂತೆ ಅದರ ರಚನೆಯಿದೆ, ಆದ್ದರಿಂದ ಭಯಪಟ್ಟು ತೆಗೆಯುವ ಅಗತ್ಯವೇ ಇಲ್ಲ. ಇದ್ದರೆ ಬಿಸಿನೀರಿನಲ್ಲಿ ಮುಳುಗಿಸಿ ಹಿಗ್ಗುತ್ತದೆಯೇ ನೋಡಿ. ಇಲ್ಲದಿದ್ದರೆ ಬಾಗಿಲುಗಳು ಪೂರ್ತಿ ತೆರೆದು ನಿಂತಿವೆಯೇ ಖಚಿತಪಡಿಸಿಕೊಳ್ಳಿ. ಎಂಜಿನ್ ಮುಚ್ಚಳಕ್ಕೆ ಕೋಲು ಕೊಟ್ಟು ಅರ್ಧ ತೆರೆದು ಓಡಿಸುವುದನ್ನು ನಾವು ಒಪ್ಪುವುದಿಲ್ಲ. ಕೆಳಗಿನ ಸಂದಿನಿಂದ ಸೈಲೆನ್ಸರಿನ ಬಿಸಿಗಾಳಿ ಒಳಬರಲು ಅದೇ ದಾರಿ ಮಾಡಿಕೊಡುತ್ತದೆ.

ಫ್ಯಾನ್ ಬೆಲ್ಟ್

ಒಂದೇ ಬೆಲ್ಟ್ ಡೈನಮೋವನ್ನೂ ಅದೇ ಶಾಫ್ಟಿನ ಇನ್ನೊಂದು ತುದಿಯ ಫ್ಯಾನನ್ನೂ ತಿರುಗಿಸುತ್ತದೆ. ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 15 ಮಿ.ಮೀ. ಬಗ್ಗಬೇಕು. ತುಂಬ ಬಿಗಿಯಾದರೆ ಡೈನಮೋ ಬೇರಿಂಗ್ ಹೋಗುತ್ತದೆ, ಸಡಿಲವಾದರೆ ಜಾರಿ ಸವೆಯುತ್ತದೆ.

ಹೊಂದಿಸುವುದು ಶಿಮ್‌ಗಳಿಂದ, ಅಂದರೆ ತೆಳು ಲೋಹದ ಬಿಲ್ಲೆಗಳಿಂದ. ಮೇಲಿನ ಪುಲ್ಲಿಯ ಒಳಗಿನ ಅರ್ಧದಲ್ಲಿರುವ ಕಚ್ಚಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ಡೈನಮೋದ ಮೇಲಿನ ಬೋಲ್ಟಿಗೆ ಆನಿಸಿ ಹಿಡಿಯಿರಿ, 21ರ ಪಾನಾದಿಂದ ನಟ್ ಬಿಚ್ಚಿ. ಎರಡು ಅರ್ಧಗಳ ನಡುವಿನಿಂದ ಒಂದು ಶಿಮ್ ತೆಗೆದರೆ ಬೆಲ್ಟ್ ಮೇಲೇರಿ ಬಿಗಿಯಾಗುತ್ತದೆ, ಸೇರಿಸಿದರೆ ಸಡಿಲವಾಗುತ್ತದೆ. ತೆಗೆದ ಶಿಮ್ಮನ್ನು ಜೇಬಿಗೆ ಹಾಕಿಕೊಳ್ಳಬೇಡಿ. ನಟ್ಟಿನ ಕೆಳಗೆ, ಹೊರಗಿನ ಅರ್ಧದ ಮೇಲೆ ಕೂರಿಸಿ. ಒಟ್ಟು ಸಂಖ್ಯೆ ಬದಲಾದರೆ ಪುಲ್ಲಿ ಸರಿಯಾಗಿ ಬಿಗಿಯಾಗುವುದಿಲ್ಲ. ನಟ್ ಬಿಗಿಯುವಾಗ ಪುಲ್ಲಿಯನ್ನು ನಿಧಾನವಾಗಿ ತಿರುಗಿಸುತ್ತಿರಿ, ಇಲ್ಲವಾದರೆ ಬೆಲ್ಟ್ ನಡುವೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಹೊಸ ಬೆಲ್ಟ್ 100 ಕಿ.ಮೀ. ಓಡಿದ ಮೇಲೆ ಹಿಗ್ಗುತ್ತದೆ, ಮತ್ತೆ ನೋಡಬೇಕು. ಪಯಣಕ್ಕೆ ಬರುವ ಪ್ರತಿಯೊಬ್ಬರೂ ಈ ಕೆಲಸವನ್ನು ಮನೆಯಲ್ಲೇ ಒಮ್ಮೆ ಮಾಡಿ ಕಲಿತಿರಲಿ.

ಆಯಿಲ್

ಈ ಎಂಜಿನ್ನಿಗೆ ಆಯಿಲ್ ಫಿಲ್ಟರ್ ಇಲ್ಲ, ಚೇಂಬರಿನ ತಳದಲ್ಲಿ ತಂತಿಯ ಜಾಲರಿ ಮಾತ್ರ. ಸಣ್ಣ ಲೋಹದ ಪುಡಿ ಹೊರಹೋಗಬೇಕಾದರೆ ಆಯಿಲ್ ಬದಲಿಸುವುದೊಂದೇ ದಾರಿ. ಹಾಗಾಗಿ 5,000 ಕಿ.ಮೀ.ಗೆ ಒಮ್ಮೆ, ದೂರ ಹೊರಡುವುದಾದರೆ ಅದಕ್ಕೆ ಮೊದಲೇ. ಬಿಸಿಲ ನಾಡಿನಲ್ಲಿ 20ಡಬ್ಲ್ಯು-50, ತಂಪಿನ ಕಡೆ 15ಡಬ್ಲ್ಯು-40.

ಎಂಜಿನ್ ಬೆಚ್ಚಗಿರುವಾಗ ನಡುವಿನ ಪ್ಲಗ್ ತೆಗೆದು ಆಯಿಲ್ ಇಳಿಸಿ. ಕೆಲವು ಮಾದರಿಗಳಲ್ಲಿ ಪ್ಲಗ್ ಇರುವುದಿಲ್ಲ, ದುಂಡನೆಯ ತಟ್ಟೆಯನ್ನೇ ಬಿಚ್ಚಬೇಕು. ತಟ್ಟೆಗೆ ಆರು ಸಣ್ಣ ನಟ್, 10ರ ಸಾಕೆಟ್. ಜಾಲರಿಯನ್ನು ಪೆಟ್ರೋಲಿನಲ್ಲಿ ತೊಳೆದು, ಅದರ ಬಾಯಿ ಒಳಗಿನ ಹೀರುನಳಿಕೆಯ ಸುತ್ತ ಬಿಗಿಯಾಗಿ ಕೂರುತ್ತದೆಯೇ ನೋಡಿ. ಜಾಲರಿಯ ಮೇಲೊಂದು ಕೆಳಗೊಂದು ಹೊಸ ಕಾಗದದ ಪ್ಯಾಕಿಂಗ್, ಪ್ರತಿ ನಟ್ಟಿಗೂ ಹೊಸ ತಾಮ್ರದ ವಾಷರ್. ಬಿಗಿ 7 ನ್ಯೂಟನ್ ಮೀಟರ್ ಮಾತ್ರ, ಅಂದರೆ ಸಣ್ಣ ರ್‍ಯಾಚೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುವಷ್ಟು. ಸೋರುತ್ತಿದೆ ಎಂದು ಜೋರಾಗಿ ಬಿಗಿದರೆ ತಟ್ಟೆ ಬಗ್ಗಿ ಇನ್ನೂ ಸೋರುತ್ತದೆ, ಅಥವಾ ಮೆದು ಲೋಹದಿಂದ ಸ್ಟಡ್ಡೇ ಕಿತ್ತು ಬರುತ್ತದೆ.

2.3 ಲೀಟರ್ ಸುರಿದು, ಐದು ನಿಮಿಷ ಬಿಟ್ಟು ಕಡ್ಡಿ ನೋಡಿ, ಆಮೇಲೆ ಮೇಲಿನ ಗೆರೆಯವರೆಗೆ ಸ್ವಲ್ಪ ಸ್ವಲ್ಪ ತುಂಬಿ. ಮೇಲಿನ ಗೆರೆ ದಾಟಬೇಡಿ. ಕ್ರ್ಯಾಂಕ್ ಪುಲ್ಲಿಯ ಬಳಿ ಆಯಿಲ್ ಸೀಲ್ ಇಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿ ಗೀರು ಆಯಿಲನ್ನು ಒಳಗೆ ತಳ್ಳುತ್ತದೆ, ಅಷ್ಟೆ. ಹೆಚ್ಚು ತುಂಬಿದರೆ ಅಲ್ಲಿಂದ ಚಿಮ್ಮಿ ಇಡೀ ಎಂಜಿನ್ ಕೋಣೆ ಮುಲಾಮು ಹಚ್ಚಿದಂತಾಗುತ್ತದೆ. ಕಡ್ಡಿ ಸರಿಯಿದ್ದೂ ಪುಲ್ಲಿಯಿಂದ ಆಯಿಲ್ ಬಂದರೆ ಬ್ರೀದರ್ ಪೈಪ್ ಕಟ್ಟಿಕೊಂಡಿದೆಯೇ ನೋಡಿ.

ಗೇರ್‌ಬಾಕ್ಸಿಗೆ ಎಸ್‌ಎಇ 90, ಜಿಎಲ್-4 ದರ್ಜೆಯ ಆಯಿಲ್, ಎರಡೂವರೆ ಲೀಟರ್. ಪ್ಲಗ್‌ಗೆ 17ರ ಅಲೆನ್ ಕೀ ಬೇಕು. ಇಳಿಸುವ ಪ್ಲಗ್ ಬಿಚ್ಚುವ ಮೊದಲು ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಪರೀಕ್ಷಿಸಿ. ಮೊದಲು ಆಯಿಲ್ ಇಳಿಸಿ, ಆಮೇಲೆ ತುಂಬುವ ಪ್ಲಗ್ ಜಾಮ್ ಆಗಿರುವುದು ಗೊತ್ತಾದರೆ ಕಾರು ಅಲ್ಲೇ ನಿಂತಂತೆ.

ಟ್ಯಾಪೆಟ್ ಸೆಟ್ಟಿಂಗ್

ಟ್ಯಾಪೆಟ್ ಸೆಟ್ಟಿಂಗ್ ಎಂದರೆ ವಾಲ್ವುಗಳ ಸಂದು ಹೊಂದಿಸುವುದು. ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿಯೆಲ್ಲ ನಿಲ್ಲಿಸಿ ಬೆಳಿಗ್ಗೆ, ಸ್ಟಾರ್ಟ್ ಮಾಡದೆ. ಇಬ್ಬರಿಗೆ ಹೇಳಿ ಮಾಡಿಸಿದ ಕೆಲಸ ಇದು: ಒಬ್ಬರು ಹಿಂದೆ ಕೂತು ಪುಲ್ಲಿ ತಿರುಗಿಸುವುದು, ಇನ್ನೊಬ್ಬರು ಕೆಳಗೆ ಮಲಗಿ ಸಂದು ಅಳೆಯುವುದು.

ಕಾರಿನ ಮುಂದಕ್ಕೆ ಮುಖ ಮಾಡಿ ನಿಂತರೆ ಬಲಬದಿಯಲ್ಲಿ 1 ಮತ್ತು 2, ಎಡಬದಿಯಲ್ಲಿ 3 ಮತ್ತು 4. ಎರಡೂ ಬದಿಯಲ್ಲಿ ಸಣ್ಣ ಸಂಖ್ಯೆಯದು ಕಾರಿನ ಮುಂಭಾಗಕ್ಕೆ ಹತ್ತಿರ. ಪ್ರತಿ ಹೆಡ್ಡಿನಲ್ಲಿ ಸಾಲಾಗಿ ನಾಲ್ಕು ವಾಲ್ವ್: ತುದಿಯ ಎರಡು ಎಕ್ಸಾಸ್ಟ್, ನಡುವಿನ ಎರಡು ಇನ್‌ಟೇಕ್. ಸಂದು ಎಲ್ಲಕ್ಕೂ 0.15 ಮಿ.ಮೀ.

ಡೆಲ್ಕೊ ಮುಚ್ಚಳ ತೆಗೆದು, ರೋಟರಿನ ಮೂತಿ ಅಂಚಿನ ಮೇಲಿನ ಗೀರಿನ ನೇರಕ್ಕೆ ಬರುವವರೆಗೆ ಪುಲ್ಲಿ ತಿರುಗಿಸಿ. ಕ್ರ್ಯಾಂಕ್ ಪುಲ್ಲಿಯ ಗುರುತು ಚೇಂಬರಿನ ಎರಡು ಹೋಳುಗಳು ಕೂಡುವ ಗೆರೆಗೆ ಸೇರಿದಾಗ ಒಂದನೇ ಸಿಲಿಂಡರ್ ಸಿದ್ಧ. ಪುಲ್ಲಿಯಲ್ಲಿ ಇದರ ನೇರ ಎದುರಿಗೆ, 180 ಡಿಗ್ರಿಯಲ್ಲಿ, ಬಿಳಿ ಬಣ್ಣದ ಗುರುತು ಹಾಕಿಕೊಳ್ಳಿ. ಸ್ಪಾರ್ಕ್ ಪ್ಲಗ್‌ಗಳನ್ನು ಮೊದಲೇ ಬಿಚ್ಚಿಟ್ಟರೆ ಎಂಜಿನ್ ಹಗುರವಾಗಿ ತಿರುಗುತ್ತದೆ.

ಬಲಬದಿಯ ವಾಲ್ವ್ ಕವರಿನ ತಂತಿ ಕೊಂಡಿಯನ್ನು ಕೆಳಗೆ ತಳ್ಳಿ ಕವರ್ ತೆಗೆಯಿರಿ. ಒಂದಿಷ್ಟು ಆಯಿಲ್ ಸುರಿಯುತ್ತದೆ, ತಟ್ಟೆ ಇಟ್ಟಿರಿ. 0.15ರ ಫೀಲರ್ ಬ್ಲೇಡನ್ನು ವಾಲ್ವಿನ ತುದಿ ಮತ್ತು ಸ್ಕ್ರೂ ನಡುವೆ ತೂರಿಸಿ. ಬೆಣ್ಣೆಯಲ್ಲಿ ಚಾಕು ಎಳೆದಷ್ಟು ಹಿಡಿತ ಸಿಗಬೇಕು. ಬದಲಿಸುವ ಮೊದಲು ಈಗಿರುವ ಅಳತೆಯನ್ನು ಕೂಗಿ ಹೇಳಿ, ನೋಟ್‌ಬುಕ್ಕಿನವರು ಬರೆದುಕೊಳ್ಳಲಿ. 13ರ ಪಾನಾದಿಂದ ಲಾಕ್ ನಟ್ ಸಡಿಲಿಸಿ, ಸ್ಕ್ರೂಡ್ರೈವರಿನಿಂದ ಸ್ಕ್ರೂ ತಿರುಗಿಸಿ ಸಂದು ಇಟ್ಟು, ಸ್ಕ್ರೂ ಅಲುಗದಂತೆ ಹಿಡಿದು ನಟ್ ಬಿಗಿ ಮಾಡಿ. ಬಿಗಿಯುವಾಗ ಸ್ಕ್ರೂ ಜೊತೆಗೆ ತಿರುಗಿ ಸಂದು ಕಮ್ಮಿಯಾಗುವುದೇ ಹೆಚ್ಚು, ಹಾಗಾಗಿ ಮತ್ತೊಮ್ಮೆ ಅಳೆಯದೆ ಮುಂದೆ ಹೋಗಬೇಡಿ.

ಆಮೇಲೆ ಪುಲ್ಲಿಯನ್ನು ಗಡಿಯಾರದ ಎದುರು ದಿಕ್ಕಿಗೆ ಅರ್ಧ ಸುತ್ತು ತಿರುಗಿಸಿದರೆ ಎರಡನೇ ಸಿಲಿಂಡರ್, ಇನ್ನರ್ಧ ಸುತ್ತಿಗೆ ಮೂರು, ಮತ್ತರ್ಧಕ್ಕೆ ನಾಲ್ಕು. ಫೈರಿಂಗ್ ಆರ್ಡರ್ 1-4-3-2. ಹಿಮ್ಮುಖ ತಿರುಗಿಸಿದ್ದರಿಂದ 1-2-3-4 ಎಂದು ಸರಳವಾಗಿ ಸಿಗುತ್ತದೆ.

ಟಕಟಕ ಸದ್ದು ಬಂದರೆ ಎಲ್ಲರೂ ಗಾಬರಿಯಾಗುತ್ತಾರೆ, ಸದ್ದಿಲ್ಲದಿದ್ದರೆ ನೆಮ್ಮದಿ. ಈ ಎಂಜಿನ್ನಿನಲ್ಲಿ ಅದು ತಿರುಗುಮುರುಗು. ಸಂದು ಹೆಚ್ಚಾದರೆ ಬರೀ ಸದ್ದು. ಸಂದು ಕಮ್ಮಿಯಾದರೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸಲಾಗದೆ ಸುಡುತ್ತದೆ, ಸದ್ದಿಲ್ಲದೆಯೇ. ಪ್ರತಿ ಸಲವೂ ಒಂದೇ ವಾಲ್ವಿನ ಸಂದು ಕಮ್ಮಿಯಾಗುತ್ತಿದ್ದರೆ ಆ ವಾಲ್ವಿನ ಕಾಂಡ ಹಿಗ್ಗುತ್ತಿದೆ ಅಥವಾ ಸೀಟ್ ಕುಸಿಯುತ್ತಿದೆ. ಹಿಗ್ಗಿದ ವಾಲ್ವಿನ ತಲೆ ಮುರಿದು ಪಿಸ್ಟನ್ ಮೇಲೆ ಬಿದ್ದರೆ ಎಂಜಿನ್ ಮುಗಿಯಿತು. ನೋಟ್‌ಬುಕ್ ಬೇಕಾಗುವುದು ಇಲ್ಲೇ. ಸಾವಿರ ಕಿ.ಮೀ.ಯಲ್ಲಿ ಒಂದು ವಾಲ್ವ್ 0.15ರಿಂದ 0.10ಕ್ಕೆ ಇಳಿದರೆ ಸಂದು ಹೊಂದಿಸಿ ಹೊರಟುಬಿಡಬೇಡಿ, ಹೆಡ್ ಬಿಚ್ಚಿಸಿ.

ಕವರ್ ಹಾಕುವಾಗ ಹೊಸ ಕಾರ್ಕ್ ಪ್ಯಾಕಿಂಗನ್ನು ಕವರಿಗೆ ಮಾತ್ರ ಅಂಟಿಸಿ, ಹೆಡ್ಡಿನ ಕಡೆ ತೆಳುವಾಗಿ ಗ್ರೀಸ್ ಸವರಿ.

ಪ್ಲಗ್, ಪಾಯಿಂಟ್, ಟೈಮಿಂಗ್

ಪ್ಲಗ್ ಗ್ಯಾಪ್ 0.6ರಿಂದ 0.7 ಮಿ.ಮೀ., ಸಿಬಿ ಪಾಯಿಂಟ್ (ಡೆಲ್ಕೊ ಒಳಗೆ ತೆರೆದು ಮುಚ್ಚುವ ಕಾಂಟ್ಯಾಕ್ಟ್) ಗ್ಯಾಪ್ 0.4 ಮಿ.ಮೀ. ಪ್ಲಗ್‌ನ ತಲೆಗೆ ಒಂದು ಗೇಣು ರಬ್ಬರ್ ಹೋಸ್ ಸಿಕ್ಕಿಸಿ ಅದರಿಂದಲೇ ಮೊದಲ ಸುತ್ತುಗಳನ್ನು ತಿರುಗಿಸಿ. ಥ್ರೆಡ್ ಅಡ್ಡ ಹತ್ತಿದರೆ ಹೋಸ್ ಜಾರುತ್ತದೆ, ಅಲ್ಯೂಮಿನಿಯಂ ಹೆಡ್ ಉಳಿಯುತ್ತದೆ.

ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಇಡುವುದು ಪಾಯಿಂಟ್ ಗ್ಯಾಪ್ ಆದ ಮೇಲೆ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಎಷ್ಟು ಡಿಗ್ರಿ ಎಂಬುದು ಡೆಲ್ಕೊ ಮೇಲೆ ನಿಂತಿದೆ, ಅದರ ಮೈಮೇಲಿನ ನಂಬರ್ ನೋಡಿ. ಬಹುತೇಕ ಎಂಜಿನ್ನುಗಳಿಗೆ ಟಿಡಿಸಿಗಿಂತ (ಪಿಸ್ಟನ್ ಹೆಡ್ಡಿಗೆ ಅತಿ ಹತ್ತಿರ ಬರುವ ಬಿಂದು) 7.5 ಡಿಗ್ರಿ ಮುಂಚೆ. 1970ರ ದಶಕದ ಕೆಲವಕ್ಕೆ ಟಿಡಿಸಿ ದಾಟಿ 5 ಡಿಗ್ರಿ. ಕಾಯಿಲ್‌ನ 1ನೇ ಟರ್ಮಿನಲ್ ಮತ್ತು ಬಾಡಿಯ ನಡುವೆ 12 ವೋಲ್ಟಿನ ಬಲ್ಬ್ ಸಿಕ್ಕಿಸಿ ಕೀ ಆನ್ ಮಾಡಿ, ಪುಲ್ಲಿಯನ್ನು ಗಡಿಯಾರದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಒಂದನೇ ಸಿಲಿಂಡರಿನ ಟೈಮಿಂಗ್ ಗುರುತು ಗೆರೆಗೆ ಬಂದ ಕ್ಷಣದಲ್ಲೇ ಬಲ್ಬ್ ಹತ್ತಬೇಕು. ಇಲ್ಲವಾದರೆ ಕ್ಲಾಂಪ್ ಸಡಿಲಿಸಿ ಡೆಲ್ಕೊವನ್ನು ಕೂದಲೆಳೆಯಷ್ಟು ತಿರುಗಿಸಿ. ಪಿಕಪ್ ಸಿಗುತ್ತದೆಂದು ಟೈಮಿಂಗ್ ಮುಂದಿಡುವವರಿದ್ದಾರೆ. ಗಾಳಿ ತಂಪಿನ ಎಂಜಿನ್ನಿನಲ್ಲಿ ಅದರ ಫಲ ಹೆಡ್ ಕಾಯುವುದು, ಏರಿನಲ್ಲಿ ನಾಕಿಂಗ್, ಪಿಸ್ಟನ್‌ಗೆ ತೂತು.

ಬ್ರೇಕ್ ಮತ್ತು ಚಕ್ರ

ಬ್ರೇಕ್ ಡ್ರಮ್ಮಿನ ಸಣ್ಣ ಕಿಂಡಿಯಿಂದ ಹಲ್ಲಿನ ಚಕ್ರವನ್ನು ತಿರುಗಿಸಿ, ಶೂ ಹಿಡಿಯುವವರೆಗೆ ಬಿಗಿ ಮಾಡಿ, ಆಮೇಲೆ ಮೂರು ನಾಲ್ಕು ಹಲ್ಲು ಹಿಂದಕ್ಕೆ. ಪ್ರತಿ ಡ್ರಮ್ಮಿಗೂ ಇಂಥವು ಎರಡು. ಆಮೇಲೆ ಇಬ್ಬರು ಸೇರಿ ಬ್ರೇಕ್ ಪೈಪಿನೊಳಗಿನ ಏರ್ ತೆಗೆಯಿರಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ. ಒಬ್ಬರು ಪೆಡಲ್ ಒತ್ತಿ ಹಿಡಿದು 'ಹಿಡಿದೆ' ಎನ್ನಬೇಕು, ಇನ್ನೊಬ್ಬರು ನಿಪ್ಪಲ್ ಬಿಟ್ಟು ಮುಚ್ಚಿದ ಮೇಲೆ 'ಬಿಡು' ಎನ್ನಬೇಕು. ಈ ಎರಡು ಮಾತು ತಪ್ಪಿದರೆ ಗಾಳಿ ವಾಪಸ್ ಒಳಹೋಗುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಲಿ.

ಹಿಂದಿನ ಡ್ರಮ್ ತೆಗೆದಿದ್ದರೆ 36ರ ಆಕ್ಸೆಲ್ ನಟ್ಟಿಗೆ ಸುಮಾರು 294 ನ್ಯೂಟನ್ ಮೀಟರ್ ಬಿಗಿ ಬೇಕು. 60 ಕೆ.ಜಿ. ತೂಕದ ಗೆಳೆಯ ನಟ್ಟಿನಿಂದ ಅರ್ಧ ಮೀಟರ್ ದೂರದಲ್ಲಿ, ಅಡ್ಡಲಾಗಿ ಚಾಚಿದ ಹಿಡಿಕೆಯ ಮೇಲೆ ಪೂರ್ತಿ ನಿಂತರೆ ಅಷ್ಟಾಗುತ್ತದೆ. ಕಾರು ನೆಲದ ಮೇಲಿರಲಿ. ಪಿನ್ನಿನ ತೂತು ಸೇರದಿದ್ದರೆ ಇನ್ನೂ ಬಿಗಿದು ಸೇರಿಸಿ, ಹಿಂದಕ್ಕೆ ತಿರುಗಿಸಬೇಡಿ. ಸಡಿಲ ನಟ್ ಡ್ರಮ್ಮಿನೊಳಗಿನ ಹಲ್ಲುಗಳನ್ನು ತಿಂದು ಹಾಕುತ್ತದೆ.

ಮುಂದಿನ ಬೀಮಿನ ನಾಲ್ಕು ನಿಪ್ಪಲ್‌ಗಳಿಗೆ, ಚಕ್ರ ಎತ್ತಿ ಭಾರ ತಪ್ಪಿಸಿ, ಹೊಸ ಗ್ರೀಸ್ ಹೊರಬರುವವರೆಗೆ ಹೊಡೆಯಿರಿ. 5.60-15ರ ಹಳೆಯ ಬಗೆಯ ಟೈರಿಗೆ ಇಬ್ಬರಿದ್ದಾಗ ಮುಂದೆ 16, ಹಿಂದೆ 24 ಪಿಎಸ್ಐ. ಕಾರು ತುಂಬಿದಾಗ 17 ಮತ್ತು 26. ರೇಡಿಯಲ್ ಆದರೆ ಒಂದೆರಡು ಪಿಎಸ್ಐ ಹೆಚ್ಚು. ನಾಲ್ಕಕ್ಕೂ ಒಂದೇ ಗಾಳಿ ಹಾಕಿಸಬೇಡಿ, ಭಾರವೆಲ್ಲ ಹಿಂದಿರುವ ಈ ಕಾರು ತಿರುವಿನಲ್ಲಿ ಹಿಂಬದಿ ಬೀಸುತ್ತದೆ. ಟೈರಿನ ಪಕ್ಕದ ನಾಲ್ಕಂಕಿ ಓದಿ: 3419 ಎಂದರೆ 2019ರ 34ನೇ ವಾರದ್ದು. ಹೂವು ಚೆನ್ನಾಗಿದ್ದರೂ ಹತ್ತು ವರ್ಷದ ಟೈರ್ ಬೇಡ. ಸ್ಟೆಪ್ನಿಯನ್ನೂ ನೋಡಿ. ಅನೇಕ ಮಾದರಿಗಳಲ್ಲಿ ಗಾಜು ತೊಳೆಯುವ ನೀರನ್ನು ತಳ್ಳುವುದು ಸ್ಟೆಪ್ನಿಯ ಗಾಳಿಯೇ, ಆ ಪೈಪ್ ಸೋರಿದರೆ ಬೇಕಾದ ಹೊತ್ತಿಗೆ ಸ್ಟೆಪ್ನಿ ಮೆತ್ತಗಿರುತ್ತದೆ.

ಜೊತೆಗೆ ಒಯ್ಯುವುದು

ಫ್ಯಾನ್ ಬೆಲ್ಟ್ ಎರಡು. ಸಿಬಿ ಪಾಯಿಂಟ್, ಕಂಡೆನ್ಸರ್, ರೋಟರ್, ಡೆಲ್ಕೊ ಮುಚ್ಚಳ. ಪೆಟ್ರೋಲ್ ಪಂಪ್ ಒಂದು, ಹೋಸ್ ಒಂದು ಮೀಟರ್, ಕ್ಲಿಪ್ ಆರು. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್. ವಾಲ್ವ್ ಕವರ್ ಪ್ಯಾಕಿಂಗ್ ಜೋಡಿ, 8 ಮತ್ತು 16 ಆಂಪಿಯರ್ ಫ್ಯೂಸ್, ಎರಡು ಲೀಟರ್ ಆಯಿಲ್, ಫೀಲರ್ ಗೇಜ್, ಪರೀಕ್ಷೆಯ ಬಲ್ಬ್, 21 ಮತ್ತು 36ರ ಪಾನಾ, ಎಳೆಯುವ ಹಗ್ಗ. ಹೊಸ ಕಂಡೆನ್ಸರನ್ನು ಕಾರಿಗೆ ಹಾಕಿ ಒಂದು ದಿನ ಓಡಿಸಿ ನೋಡಿ, ಹಳೆಯದನ್ನು ಡಬ್ಬಕ್ಕೆ ಹಾಕಿ. ಓಡುತ್ತದೆಂದು ಗೊತ್ತಿರುವ ಭಾಗವೇ ನಿಜವಾದ ಸ್ಪೇರ್. ಭಾರದ ಸಾಮಾನು ಮುಂದಿನ ಡಿಕ್ಕಿಗೆ. ಮೂಗು ಹಗುರವಾದ ಈ ಕಾರಿಗೆ ಅಡ್ಡಗಾಳಿಯಲ್ಲಿ ಅದರಿಂದ ನೆಲದ ಹಿಡಿತ ಸಿಗುತ್ತದೆ.

ಹೊರಡುವ ವಾರ ಮೊದಲು, ಅಷ್ಟೂ ಜನ ಅಷ್ಟೂ ಸಾಮಾನಿನೊಂದಿಗೆ 100ರಿಂದ 150 ಕಿ.ಮೀ. ಓಡಿಸಿ ಬನ್ನಿ. ಒಬ್ಬರೇ ಖಾಲಿ ಕಾರಿನಲ್ಲಿ ಸುತ್ತಿ ಬಂದರೆ ಏನೂ ತಿಳಿಯುವುದಿಲ್ಲ.

ದಾರಿಯಲ್ಲಿ

80 ಕಿ.ಮೀ. ವೇಗ ಈ ಕಾರಿಗೆ ಹಿತ. ಫ್ಯಾನ್ ಕ್ರ್ಯಾಂಕಿನ ಹತ್ತಿರಹತ್ತಿರ ಎರಡರಷ್ಟು ವೇಗದಲ್ಲಿ ತಿರುಗುತ್ತದೆ, ಹಾಗಾಗಿ ಎಂಜಿನ್ ಸುತ್ತು ಇಳಿದರೆ ಗಾಳಿಯೂ ಇಳಿಯಿತು. ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ತುಳಿದು ಏದುಸಿರು ಬಿಡಿಸುವುದು ಎಂಜಿನ್ನಿಗೆ ಮಾಡುವ ಅತಿ ದೊಡ್ಡ ಅನ್ಯಾಯ. ಅದು ತಿಣುಕುವ ಮೊದಲೇ ಮೂರಕ್ಕೆ ಇಳಿಸಿ, ಅರ್ಧ ಆಕ್ಸಿಲರೇಟರಿನಲ್ಲಿ ಹತ್ತಿಸಿ. ಸದ್ದು ಹೆಚ್ಚಾದರೂ ಹೆಡ್ ತಂಪಾಗಿರುತ್ತದೆ. ಏರು ಮುಗಿದ ಕೂಡಲೇ ಕೀ ಆಫ್ ಮಾಡಬೇಡಿ, ಫ್ಯಾನ್ ನಿಂತರೆ ಒಳಗಿನ ಬಿಸಿ ಅಲ್ಲೇ ಉಳಿಯುತ್ತದೆ; ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಹಿಂದಿನ ಆಕ್ಸೆಲ್ ಗೇರ್‌ಬಾಕ್ಸ್ ಬಳಿ ಮಾತ್ರ ಮಡಚುವ ಹಳೆಯ ಸ್ವಿಂಗ್ ಆಕ್ಸೆಲ್ ಮಾದರಿಯಾದರೆ ತಿರುವಿನ ನಡುವೆ ದಿಢೀರನೆ ಆಕ್ಸಿಲರೇಟರ್ ಬಿಡಬೇಡಿ, ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ವೇಗ ಇಳಿಸುವುದಿದ್ದರೆ ತಿರುವಿಗೆ ಮೊದಲೇ.

ಎರಡು ಕಾರಿದ್ದರೆ ನಿಧಾನದ್ದು ಮುಂದಿರಲಿ. ಹಿಂದಿನವರು ಹೊಗೆಯ ಬಣ್ಣ, ಬ್ರೇಕ್ ದೀಪ, ಚಕ್ರದ ನಡುಕ ನೋಡುತ್ತ ಬರಲಿ. ಪೆಟ್ರೋಲ್ ಹಾಕಿಸಿದಾಗೆಲ್ಲ ಆಯಿಲ್ ಕಡ್ಡಿ, ಬೆಲ್ಟ್, ಪೆಟ್ರೋಲ್ ವಾಸನೆ, ನಾಲ್ಕು ಚಕ್ರದ ನಡುಭಾಗ ಮುಟ್ಟಿ ನೋಡುವುದು. ಒಂದು ಡ್ರಮ್ ಮಾತ್ರ ಬಿಸಿಯಿದ್ದರೆ ಅಲ್ಲಿ ಶೂ ಹಿಡಿದಿದೆ. ಆಯಿಲ್ ಟೆಂಪರೇಚರ್ ಗೇಜ್ ಹಾಕಿಸಿದ್ದರೆ 110 ಡಿಗ್ರಿವರೆಗೆ ಚಿಂತೆಯಿಲ್ಲ, 120 ಮುಟ್ಟಿದರೆ ನಿಲ್ಲಿಸಿ.

ಡೈನಮೋದ ಕೆಂಪು ದೀಪ ಹತ್ತಿದರೆ ಬ್ಯಾಟರಿ ವಿಷಯ ಎಂದು ಮುಂದೆ ಹೋಗಬೇಡಿ. ತಕ್ಷಣ ಪಕ್ಕಕ್ಕೆ ಬಂದು ಬೆಲ್ಟ್ ನೋಡಿ. ಬೆಲ್ಟ್ ಹರಿದಿದ್ದರೆ ಫ್ಯಾನೂ ನಿಂತಿದೆ, ಒಂದು ಕಿ.ಮೀ. ಓಡಿಸುವುದೂ ಬೇಡ. ಬೆಲ್ಟ್ ಗಟ್ಟಿಯಾಗಿ ತಿರುಗುತ್ತಿದ್ದರೆ ದೋಷ ಬ್ರಷ್ ಅಥವಾ ರೆಗ್ಯುಲೇಟರಿನದು, ಹಗಲಿನಲ್ಲಿ ಹೆಡ್‌ಲೈಟ್ ಹಾಕದೆ ಬ್ಯಾಟರಿಯ ಮೇಲೆ ಮುಂದಿನ ಊರು ಸೇರಬಹುದು. ಆಯಿಲ್ ದೀಪ ಓಡುವಾಗ ಹತ್ತಿದರೆ ಕೂಡಲೇ ಎಂಜಿನ್ ಆಫ್. ಕಾದ ಎಂಜಿನ್ ಐಡಲ್‌ನಲ್ಲಿ ಮಿಣುಕಿ, ಸ್ವಲ್ಪ ರೇಸ್ ಕೊಟ್ಟಾಗ ಆರಿದರೆ ಆಯಿಲ್ ತೆಳುವಾಗಿದೆ ಅಥವಾ ಬೇರಿಂಗ್ ಸವೆದಿದೆ, ನಿಧಾನವಾಗಿ ಮುಂದುವರಿಯಬಹುದು.

ಐಡಲ್ ನಿಲ್ಲದೆ ಎಂಜಿನ್ ಆಫ್ ಆಗುತ್ತಿದ್ದರೆ ಕಾರ್ಬೊರೇಟರ್ ಬಿಚ್ಚುವ ಮೊದಲು ಅದರ ಪಕ್ಕದ ಐಡಲ್ ಸೊಲೆನಾಯ್ಡಿನ (ಐಡಲ್ ಪೆಟ್ರೋಲನ್ನು ಬಿಟ್ಟು ತಡೆಯುವ ವಿದ್ಯುತ್ ವಾಲ್ವ್) ವೈರ್ ನೋಡಿ. ಕೀ ಆನ್ ಮಾಡಿ ವೈರ್ ಮುಟ್ಟಿಸಿದಾಗ ಟಿಕ್ ಎನ್ನಬೇಕು. ತಂಪು ತೇವದ ಹವೆಯಲ್ಲಿ ಅರ್ಧ ಗಂಟೆ ಓಡಿ ನಿಂತು, ಸ್ವಲ್ಪ ಹೊತ್ತಿಗೆ ತಾನೇ ಸರಿಯಾದರೆ ಕಾರ್ಬೊರೇಟರ್ ಒಳಗೆ ಮಂಜುಗಟ್ಟಿದೆ. ಮ್ಯಾನಿಫೋಲ್ಡಿಗೆ ಬಿಸಿ ಕೊಡುವ ಸಣ್ಣ ಪೈಪ್ ಮಸಿಯಿಂದ ಮುಚ್ಚಿರುವುದು ಅದರ ಕಾರಣ. ಬಿಸಿಲಿನಲ್ಲಿ ನಿಂತು ಮತ್ತೆ ಹತ್ತದಿದ್ದರೆ ಪೆಟ್ರೋಲ್ ಆವಿಯಾಗಿದೆ, ಮುಚ್ಚಳ ತೆರೆದು 20 ನಿಮಿಷ ಕಾಯಿರಿ.

ಕ್ಲಚ್ ಕೇಬಲ್ ಹರಿದು ಬದಲಿಸಲು ಜಾಗವಿಲ್ಲದಿದ್ದರೆ, ಎಂಜಿನ್ ಆಫ್ ಮಾಡಿ ಒಂದನೇ ಗೇರಿಗೆ ಹಾಕಿ ಸೆಲ್ಫ್ ಹೊಡೆಯಿರಿ, ಕಾರು ಚಲಿಸುತ್ತಲೇ ಸ್ಟಾರ್ಟ್ ಆಗುತ್ತದೆ. ಮುಂದಿನ ಗೇರನ್ನು ಆಕ್ಸಿಲರೇಟರ್ ಬಿಟ್ಟು ಹಗುರವಾಗಿ ಒತ್ತಿ ಹಿಡಿದರೆ ಸುತ್ತು ಹೊಂದಿದಾಗ ತಾನೇ ಜಾರಿಕೊಳ್ಳುತ್ತದೆ. ನಿಲ್ಲಿಸಬೇಕಾದಾಗ ನ್ಯೂಟ್ರಲ್‌ಗೆ ಎಳೆಯಿರಿ, ಆಗದಿದ್ದರೆ ಕೀ ಆಫ್. ಹೊಸ ಕೇಬಲ್ ಹಾಕಿದ ಮೇಲೆ ಪೆಡಲ್‌ನಲ್ಲಿ 10ರಿಂದ 20 ಮಿ.ಮೀ. ಆಟ ಉಳಿಸಿ.

ಹಿಂದಿರುಗಿದ ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಎಂಟೂ ವಾಲ್ವ್ ಅಳೆದು ಹೊರಡುವ ಮುಂಚಿನ ಅಂಕಿಯ ಪಕ್ಕದಲ್ಲೇ ಬರೆಯಿರಿ, ಮೂರನೇ ಸಿಲಿಂಡರಿನ ಎಕ್ಸಾಸ್ಟನ್ನು ಎರಡು ಸಲ ಅಳೆಯಿರಿ. ಆಯಿಲ್ ಇಳಿಸಿ, ಜಾಲರಿಯಲ್ಲಿ ಹೊಳೆಯುವ ಪುಡಿ ಇದೆಯೇ ನೋಡಿ. ಅಯಸ್ಕಾಂತಕ್ಕೆ ಅಂಟದ ಬಿಳಿ ಬೂದು ಚೂರು ಕಂಡರೆ ಬೇರಿಂಗ್ ಸವೆತ ಎಂದು ತಿಳಿದು ಪುಲ್ಲಿಯ ಆಟವನ್ನು ಮತ್ತೆ ಪರೀಕ್ಷಿಸಿ. ಡಬ್ಬದಿಂದ ಖರ್ಚಾದ ಸ್ಪೇರ್‌ಗಳ ಪಟ್ಟಿಯನ್ನು ಅಂದೇ ಮಾಡಿ ತರಿಸಿಡಿ.